ಸೆರಗು ಹಿಡಿದ ವರ್ಷ

ನಮ್ಮೂರಿನಲ್ಲಿ ಅಧಿಕಾರ ಬಿಟ್ಟ ದಿನವೇ ಧ್ವನಿಯೂ ಬಿಟ್ಟುಹೋಗುತ್ತದೆ. ಪುರಸಭೆಯ ಅಧ್ಯಕ್ಷರಾಗಿದ್ದವರು ಅವಧಿ ಮುಗಿಸಿ ಕಟ್ಟಡದ ಮೆಟ್ಟಿಲಿಳಿಯುತ್ತಾರೆ, ಕೆಳಗೆ ನಿಂತವರಿಗೆ ನಮಸ್ಕಾರ ಹೇಳಲು ಬಾಯಿ ತೆರೆಯುತ್ತಾರೆ, ಏನೂ ಬರುವುದಿಲ್ಲ. ಒಂದು ವರ್ಷ ಹಾಗೆಯೇ. ಕೈಗೆ ಪೆನ್ನು ಕೊಟ್ಟರೆ ಗೆರೆ ಬರುತ್ತದೆ, ಅಕ್ಷರ ಬರುವುದಿಲ್ಲ. ವರ್ಷ ತುಂಬಿದ ದಿನ ಕೆಮ್ಮಿನ ಜೊತೆಗೋ ಸೀನಿನ ಜೊತೆಗೋ ಧ್ವನಿ ವಾಪಸು ಬರುತ್ತದೆ. ಯಾಕೆ ಹೀಗೆ ಎಂದು ಹೊರಗಿನವರು ಕೇಳಿದರೆ, ಕೇಳಿಸಿಕೊಂಡದ್ದೆಲ್ಲ ಆರಬೇಕಲ್ಲ ಎನ್ನುತ್ತಾರೆ ನಮ್ಮವರು, ಒಲೆಯಿಂದ ಇಳಿಸಿದ ಹಾಲಿನ ವಿಷಯ ಹೇಳುವಂತೆ.

ವಾಪಸು ಬಂದ ಮೊದಲ ಮಾತನ್ನು ಊರು ಮರೆಯುವುದಿಲ್ಲ. ಹಾಲಪ್ಪ ಎಂಬ ಅಧ್ಯಕ್ಷರಿಗೆ ಮಧ್ಯಾಹ್ನದ ಊಟದಲ್ಲಿ ಧ್ವನಿ ಬಂತು, ಬಂದದ್ದು "ಉಪ್ಪು" ಎಂದು. ವರ್ಷವಿಡೀ ಕೊಂಕಿಲ್ಲದೆ ಅಡಿಗೆ ಮಾಡಿಕೊಂಡಿದ್ದ ಅವರ ಹೆಂಡತಿ ಸೌಟು ಕೆಳಗಿಟ್ಟು ಹೊರಗೆ ಹೋಗಿ ಕೂತರಂತೆ. ಈಗಲೂ ಆ ಬೀದಿಯ ಮನೆಗಳಲ್ಲಿ ಎಲೆ ಹಾಕಿದ ಮೇಲೆ ಉಪ್ಪು ಬಡಿಸುವವರು "ಹಾಲಪ್ಪನವರೇ" ಎಂದು ಹೇಳಿ ಬಡಿಸುತ್ತಾರೆ. ಇಮಾಂ ಸಾಹೇಬರ ಮೊದಲ ಮಾತು "ಇನ್ನೊಂದು". ಚಹಾದಂಗಡಿಯಲ್ಲಿ ಎರಡನೇ ಲೋಟಕ್ಕೆ ಅಂದಿನಿಂದ ಸಾಹೇಬರ ಟೀ ಎಂದೇ ಹೆಸರು. ಹುಡುಗರಿಗೆ ಆ ಸಾಹೇಬರು ಯಾರೆಂದು ಗೊತ್ತಿಲ್ಲ, ಟೀ ಕೇಳುವುದು ಗೊತ್ತು.

ಧ್ವನಿ ಇಲ್ಲದ ವರ್ಷಕ್ಕೆ ಒಬ್ಬರು ಜೊತೆ ಬೇಕು. ಅವರನ್ನು ಊರಿನವರು 'ಬಾಯಿ' ಎನ್ನುತ್ತಾರೆ. ಬಾಯಿಯನ್ನು ಆರಿಸುವುದು ಹೋಗುವ ಅಧ್ಯಕ್ಷರಲ್ಲ, ಬರುವವರು. ಹೆಂಗಸಾದರೆ ಸೆರಗಿನ ತುದಿ, ಗಂಡಸಾದರೆ ಶಲ್ಯದ ತುದಿ ಹಿಡಿದು ಬಾಯಿಯಾದವರು ಮಾತಾಡಬೇಕು. ಹಿಡಿದಿರುವಷ್ಟು ಹೊತ್ತು ಹೇಳಿದ 'ನಾನು' ಅವರದು. ಬಿಟ್ಟ ಮೇಲೆ ಹೇಳಿದ್ದು ನಮ್ಮದು. ಅವರು ಕೈಯಲ್ಲಿ, ಮುಖದಲ್ಲಿ ತೋರಿಸಿದ್ದನ್ನಷ್ಟೇ ಹೇಳಬೇಕು, ಸೇರಿಸಬಾರದು. ಸೆರಗು ಹಿಡಿದು ಕೊಟ್ಟ ಮಾತು ಅವರೇ ಕೊಟ್ಟ ಮಾತು, ಅದಕ್ಕೆ ಅವರು ಬದ್ಧರು.

ದಾಕ್ಷಾಯಣಮ್ಮನವರ ಅವಧಿ ಮುಗಿದಾಗ ಹೊಸ ಅಧ್ಯಕ್ಷ ತಿಪ್ಪೇಶಿ ನನ್ನನ್ನು ಆರಿಸಿದ. ನಾನು ಊರಿನ ವಾಚನಾಲಯ ನೋಡಿಕೊಳ್ಳುವವಳು. "ಕುಮುದಕ್ಕ, ನೀವು ಒಂದ್ ಮಾತಾಡೋಕೆ ಮುಂಚೆ ಮೂರ್ ಸಲ ಯೋಚ್ನೆ ಮಾಡ್ತೀರಂತೆ. ಅಂಥೋರೇ ಬೇಕು" ಎಂದ. ಅವನಿಗೆ ಅದು ಗುಣವಾಗಿ ಕಂಡಿತ್ತು. ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ ಮತ್ತೆ ಬಂದು ಬೀಗ ಎಳೆದು ನೋಡುವವಳು ನಾನು. ಯಾರಿಗಾದರೂ "ಆಗಲಿ" ಎಂದು ಹೇಳಿ ಮನೆಗೆ ಬಂದರೆ, "ನೋಡೋಣ" ಎನ್ನಬೇಕಿತ್ತೇ ಎಂದು ಸಂಜೆಯವರೆಗೆ ತಲೆಯಲ್ಲಿ ತಿರುವಿ ಹಾಕುತ್ತೇನೆ. ಇಂಥವಳಿಗೆ ಇನ್ನೊಬ್ಬರ ಮಾತನ್ನೂ ಹೊರಿಸಿದರು.

ದಾಕ್ಷಾಯಣಮ್ಮ ಕಷ್ಟದ ಹೆಂಗಸಲ್ಲ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಅಂಗಡಿ ನಡೆಸುತ್ತಿದ್ದವರು, ಅಲ್ಲಿಂದ ಪುರಸಭೆಗೆ ಹೋದವರು. ಕೈಗಳು ಬಹಳ ಸ್ಪಷ್ಟ, ಬಟ್ಟೆ ಕತ್ತರಿಸಿದ ಹಾಗೆ. ಬೇಡ ಎಂದರೆ ಹೆಬ್ಬೆರಳು ಒಳಗೆ ಮಡಚುವುದು, ಆಮೇಲೆ ಎಂದರೆ ಕಿವಿಯ ಓಲೆ ಮುಟ್ಟುವುದು. ಸ್ವಲ್ಪ ದಿನದಲ್ಲೇ ಅವರ ಸೆರಗಿನಿಂದಲೇ ನನಗೆ ಅರ್ಧ ಗೊತ್ತಾಗುತ್ತಿತ್ತು. ಸಿಟ್ಟು ಬಂದರೆ ಬಟ್ಟೆ ಬಿಗಿಯುತ್ತಿತ್ತು, ನಗು ಬಂದರೆ ಸಣ್ಣಗೆ ಕುಲುಕುತ್ತಿತ್ತು. ತರಕಾರಿ ಅಂಗಡಿಯಲ್ಲಿ ನಾನು ಸೆರಗು ಹಿಡಿದು, "ಈ ಬದನೇಕಾಯಿಗೆ ಅಷ್ಟು ಕೊಡಲ್ಲ ನಾನು, ಹುಳ ಇರೋದನ್ನ ನೀನೇ ಇಟ್ಕೋ" ಎಂದರೆ ಅಂಗಡಿಯವಳು ನನ್ನನ್ನು ನೋಡದೆ ಅವರನ್ನೇ ನೋಡಿ, "ಅಧ್ಯಕ್ಷರಾಗಿದ್ದಾಗ ಕೊಟ್ಟಷ್ಟು ತಗೊಂಡು ಹೋಗ್ತಿದ್ರಿ. ಈಗ ಮಾತು ಹೋದ್ಮೇಲೆ ಎಷ್ಟ್ ಮಾತು ಕಲ್ತ್ರಿ" ಎನ್ನುತ್ತಿದ್ದಳು. ಸೆರಗು ಕುಲುಕುತ್ತಿತ್ತು.

ಒಂದು ಬೆಳಿಗ್ಗೆ ಅಂಬಿಗ ಬರಮಣ್ಣ ಅವರ ಜಗಲಿಗೆ ಬಂದ. ಅವನ ವಿಷಯ ಹೇಳುವ ಮೊದಲು ಹೊಳೆಯ ವಿಷಯ ಹೇಳಬೇಕು. ನಮ್ಮೂರು ಹೊಳೆಯ ಈ ದಡದಲ್ಲಿದೆ. ಬಸ್ಸು, ಆಸ್ಪತ್ರೆ, ದೊಡ್ಡ ರಸ್ತೆ ಎಲ್ಲ ಆ ದಡದಲ್ಲಿ. ಮಧ್ಯೆ ದೋಣಿ ಒಂದೇ, ಅದು ಊರಿನದು. ಯಾರೂ ದುಡ್ಡು ಕೊಡುವುದಿಲ್ಲ, ಬರಮಣ್ಣನಿಗೆ ಪುರಸಭೆಯೇ ಸಂಬಳ ಕೊಡುತ್ತದೆ. ಹೊಳೆಯ ನಡುವೆ ನೀರಿನೊಳಗೆ ಒಂದು ಮರಳು ದಿಬ್ಬ ಇದೆ. ಹೋಗುವಾಗಲೂ ಬರುವಾಗಲೂ ಅದರ ಮೇಲ್ಗಡೆಯಿಂದ, ಅಂದರೆ ನೀರು ಬರುವ ಕಡೆಯಿಂದ, ದೋಣಿಯನ್ನು ಸುತ್ತಿಸಿ ತರಬೇಕು. ಇಲ್ಲವಾದರೆ ದೋಣಿ ದಿಬ್ಬಕ್ಕೆ ಹತ್ತಿ ಮಗುಚಬಹುದು.

ಬರಮಣ್ಣ ಜಗಲಿಯ ಕಂಬ ಮುಟ್ಟಿ ನೋಡಿ ಕೂತ. "ಅಮ್ಮಾರೆ, ನೀವು ಕುರ್ಚಿ ಬಿಟ್ರಿ. ನನ್ ಇಷ್ಯ ಏನಾಯ್ತದೆ ಅಂತ ಕೇಳೋಕೆ ಬಂದೆ. ಈಗೀಗ ಬೆಳಕು ಯಾವ ಕಡೆ ಅಂತ ಅಷ್ಟೇ ಗೊತ್ತಾಗ್ತದೆ" ಎಂದ.

ನನಗೆ ಆಗಲೇ ಗೊತ್ತಾದದ್ದು. ಅವನ ಹೆಂಡತಿ ಗಿರಿಜವ್ವ ದೋಣಿಯ ಮೂತಿಯಲ್ಲಿ ಕೂತು ಹುರಿಗಡಲೆ ಮಾರುತ್ತಾಳೆ. ದೋಣಿಯೊಳಗೆ ವ್ಯಾಪಾರಕ್ಕೆ ದಾಕ್ಷಾಯಣಮ್ಮ ಅನುಮತಿ ಕೊಟ್ಟಾಗ ಸ್ವಂತದವರಿಗೆ ಮಾಡಿಕೊಟ್ಟರು ಎಂದು ಊರು ಆಡಿಕೊಂಡಿತ್ತು. ಕಡಲೆ ನೆಪವಂತೆ. ದಿಬ್ಬ ಹತ್ತಿರ ಬಂದಾಗ ಗಂಡನಿಗೆ ಮೆಲ್ಲಗೆ ಹೇಳುವುದು ಅವಳ ಕೆಲಸ. ಊರಿನ ಮಾತನ್ನು ದಾಕ್ಷಾಯಣಮ್ಮ ಹೊತ್ತುಕೊಂಡರು, ಕಾರಣ ಯಾರಿಗೂ ಹೇಳಲಿಲ್ಲ.

ಅವರು ನನ್ನ ಕಡೆ ತಿರುಗಿ ಬಾಯಿಯ ಮೇಲೆ ಅಂಗೈ ಇಟ್ಟರು, ಆಮೇಲೆ ಅದೇ ಅಂಗೈಯನ್ನು ಎದೆಗೆ ಒತ್ತಿಕೊಂಡರು. ನಾನು ಸೆರಗು ಹಿಡಿದೆ. "ನಾನು ಯಾರಿಗೂ ಹೇಳಲ್ಲ ಬರಮಣ್ಣ. ಇದು ನನ್ನಲ್ಲೇ ಇರ್ತದೆ" ಎಂದೆ.

"ಅಷ್ಟ್ ಸಾಕು" ಎಂದು ಅವನು ಎದ್ದ. ಮಾತು ಅವರದು, ಧ್ವನಿ ನನ್ನದು. ಆ ರಾತ್ರಿ ನನಗೆ ನಿದ್ದೆ ಚೆನ್ನಾಗಿ ಬಂತು. ನನ್ನ ಬಾಯಿಯಿಂದ ಬಂದ ಮಾತನ್ನು ಮತ್ತೆ ತಿರುವಿ ಹಾಕದೆ ಮಲಗಿದ್ದು ಅಪರೂಪ.

ಮಳೆಗಾಲ ಮುಗಿದ ಮೇಲೆ ಕಂಪನಿಯ ಮ್ಯಾನೇಜರು ಬಂದ. ಹೆಸರು ನಿರಂಜನ. ನಯವಾದ ಮನುಷ್ಯ, ಚಪ್ಪಲಿ ಹೊರಗೆ ಬಿಡುವಾಗಲೂ ಜೋಡಿಸಿ ಬಿಡುತ್ತಿದ್ದ. ಆ ದಡದಲ್ಲಿ ಕಂಪನಿಯ ಗೋದಾಮುಗಳು ಎದ್ದಿದ್ದವು. ಈ ದಡದ ದೋಣಿಕಟ್ಟೆ ಅವರಿಗೆ ಬೇಕಿತ್ತು. ತಮ್ಮದೇ ಮೋಟಾರು ದೋಣಿ ಬಿಡುವುದು, ಸಾಮಾನು ಸಾಗಿಸುವುದು, ಜನ ದಾಟಬೇಕಾದರೆ ಟಿಕೆಟ್ಟು. ಅದನ್ನೆಲ್ಲ ಅವನು ಆ ದಿನ ಹೇಳಲಿಲ್ಲ. ಹಣ್ಣಿನ ಬುಟ್ಟಿ ಇಟ್ಟು, ಅಮ್ಮನವರು ನಮ್ಮ ಹಿರಿಯ ಸಲಹೆಗಾರರಾಗಬೇಕು ಎಂದ. ಆ ದಡದಲ್ಲಿ ಮನೆ, ಕಾರು, ಇವರು ಹೊಲಿಗೆಯಲ್ಲಿ ಇಡೀ ವರ್ಷ ದುಡಿದದ್ದು ಒಂದೇ ತಿಂಗಳಿಗೆ ಬರುವಂಥ ಸಂಬಳ.

ನಾನು ಸೆರಗು ಬಿಟ್ಟು ನನ್ನ ಮಾತಾಗಿ ಕೇಳಿದೆ. "ಇವರಿಗೆ ಇನ್ನೂ ಧ್ವನಿ ಬಂದಿಲ್ಲ. ಸಲಹೆ ಹೇಗೆ ಕೊಡ್ತಾರೆ?"

"ಮಾತಾಡೋದು ಬೇಡ ಮೇಡಂ, ಅಮ್ಮ ಬಂದು ಕೂತ್ಕೊಂಡ್ರೆ ಸಾಕು" ಎಂದ ಅವನು.

ಧ್ವನಿ ಹೋಗುತ್ತದೆ ಎಂಬ ಭರವಸೆಯಲ್ಲಿ ನಮ್ಮೂರು ಇಷ್ಟು ಕಾಲ ನಿಶ್ಚಿಂತೆಯಾಗಿತ್ತು. ಸುಮ್ಮನೆ ಕೂರುವುದಕ್ಕೂ ಬೆಲೆ ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಹಳಬರು ವರ್ಷವಿಡೀ ಜಗಲಿಯ ಮೇಲೆ ಬಿಟ್ಟಿಯಾಗಿ ಕೂತಿದ್ದವರೇ.

ಅವನು ಹೋದ ಮೇಲೆ ಅವರು ನನ್ನನ್ನು ಒಳಗೆ ಕರೆದು ಮೂಲೆಯ ಪಾತ್ರೆ ತೋರಿಸಿದರು. ಮಾಡು ಸೋರಿ ಹನಿ ಬೀಳುವ ಜಾಗಕ್ಕೆ ಇಟ್ಟದ್ದು. ಹೊಲಿಗೆ ಯಂತ್ರದ ಮುಚ್ಚಳ ತೆಗೆದರು, ಒಳಗೆ ತುಕ್ಕು. ಆಮೇಲೆ ಕೈಗಳು ನಿಲ್ಲಲಿಲ್ಲ. ತೋರಿಸಿದ್ದನ್ನು ಬಾಯಿಯಾದವಳು ಒಮ್ಮೆ ಹೇಳಿ ಸರಿಯೇ ಎಂದು ಕೇಳುವುದು ರೂಢಿ. ಬೇರೆ ಯಾರೂ ಇಲ್ಲದ ಆ ಮನೆಯಲ್ಲಿ ಅವರ ಸೆರಗು ಹಿಡಿದು ಅವರಿಗೇ ಹೇಳಿದೆ.

"ಐದು ವರ್ಷ ಎಲ್ಲರ ಮನೆ ಕಷ್ಟ ಕೇಳಿದೆ. ನಿನ್ನ ಮಾಡು ಸೋರ್ತದಾ ಅಂತ ನನ್ನನ್ನ ಒಬ್ಬರೂ ಕೇಳಲಿಲ್ಲ. ಅಂಗಡಿಗೆ ಬರೋರು ಬೇರೆ ಕಡೆ ಹೋದರು. ನಾನು ಇನ್ನು ಮೇಲೆ ಏನು ತಿನ್ನಬೇಕು? ನನಗೆ ದಣಿವಾಗಿದೆ."

ಅವರು ತಲೆಯಾಡಿಸಿದರು. ನಾನು ಸೆರಗು ಬಿಟ್ಟೆ. ನನ್ನ ಮಾತಾಗಿ ಏನಾದರೂ ಹೇಳಬೇಕಿತ್ತು. ಹೊಲಿಗೆ ಯಂತ್ರದ ಮುಚ್ಚಳ ಮುಚ್ಚಿಟ್ಟೆ.

ಚಹಾದಂಗಡಿಯಲ್ಲಿ ವಾರವೆಲ್ಲ ಅದೇ ಮಾತು. ಹೋದರೆ ತಪ್ಪೇನು ಎನ್ನುವವರೇ ಹೆಚ್ಚು. ಅಂಗಡಿಯ ಬೆಂಚಿನ ಮೇಲೆ ದಿನಾ ಕೂರುವ ಸಾವಂತ್ರಜ್ಜಿ ಮಾತ್ರ, "ಮಾತು ಬರ್ದೇ ಇರೋಳತ್ರ ಸಲಹೆ ಕೇಳ್ತಾರಂತೆ. ನಂಗೂ ಹಲ್ಲಿಲ್ಲ, ಕಬ್ಬು ತಿನ್ನೋ ಕೆಲ್ಸ ಇದ್ರೆ ಕೇಳ್ರಪ್ಪ" ಎಂದಳು.

ದಾಕ್ಷಾಯಣಮ್ಮ ಒಪ್ಪಿಕೊಂಡರು. ದಿನವೂ ದೋಣಿಯಲ್ಲಿ ದಾಟಿ ಹೋಗುವಾಗ ಬಾಯಿಯಾಗಿ ನಾನೂ ಹೋಗಬೇಕಾಯಿತು. ಕಂಪನಿಯ ಕಚೇರಿ ತಣ್ಣಗಿತ್ತು, ಶಾಲು ಹೊದ್ದು ಕೂರುವಷ್ಟು. ಬೇರೆ ಊರಿನ ಅಧಿಕಾರಿಗಳು ಬರುತ್ತಿದ್ದರು, ಇವರನ್ನು ನೋಡಿ ಎದ್ದು ನಿಂತು ಕೈ ಮುಗಿಯುತ್ತಿದ್ದರು, ಆಮೇಲೆ ಕಂಪನಿಯ ಮಾತು ಸಲೀಸಾಗಿ ನಡೆಯುತ್ತಿತ್ತು. ಇವರು ನಿಜವಾಗಿಯೂ ಕೂತಿರುತ್ತಿದ್ದರು ಅಷ್ಟೇ. ಸೆರಗು ನನ್ನ ಕೈಯಲ್ಲಿ ಅಲುಗದೆ ಇರುತ್ತಿತ್ತು. ಇಷ್ಟೇ ಆದರೆ ಪರವಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿದೆ ಎಂದು ಹೇಳಲಾರೆ.

ಒಂದು ದಿನ ನಿರಂಜನ ಬಾಗಿಲು ಮುಂದೆ ಮಾಡಿ ಎದುರಿಗೆ ಕೂತ. "ಅಮ್ಮ, ಊರಿನವರು ಕಟ್ಟೆ ಕೊಡೋಕೆ ಒಪ್ತಿಲ್ಲ. ಇರೋ ದೋಣಿ ಚೆನ್ನಾಗಿದೆ, ಅದನ್ನ ಯಾಕೆ ಬಿಡಬೇಕು ಅಂತಾರೆ. ಆ ದೋಣಿಯಲ್ಲಿ ಏನಾದ್ರೂ ಕೊರತೆ ಇದ್ರೆ ನಿಮಗೆ ಗೊತ್ತಿರುತ್ತೆ. ಐದು ವರ್ಷ ನೋಡಿದ್ದೀರಿ."

ಸೆರಗು ಬಿಗಿಯಿತು. ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಸಡಿಲವಾಯಿತು. ಅವರ ಕೈಗಳು ಮಡಿಲಿನಿಂದ ಮೇಲೆದ್ದು ಹುಟ್ಟು ಹಾಕುವಂತೆ ಎರಡು ಸಲ ತೂಗಿದವು. ಅಂಬಿಗ. ಬಲಗೈಯ ಎರಡು ಬೆರಳು ಕಣ್ಣಿನ ಕಡೆಗೆ ಹೊರಟವು.

ವಾಕ್ಯ ಆಗಲೇ ನನ್ನ ನಾಲಗೆಯ ಮೇಲಿತ್ತು. ಹೇಳಿದರೆ, ಯಾರಿಗೂ ಹೇಳಲ್ಲ ಎಂದ ಅದೇ ಬಾಯಿಯಿಂದ ಹೇಳಿದಂತೆ. ಹೇಳದಿದ್ದರೆ ರೂಢಿ ಮುರಿದಂತೆ. ಬೇರೆ ಏನಾದರೂ ಹೇಳಿದರೆ ಸುಳ್ಳು. ಬೆರಳು ರೆಪ್ಪೆ ಮುಟ್ಟುವ ಮೊದಲೇ ನಾನು ಸೆರಗು ಬಿಟ್ಟು ಎದ್ದು ನಿಂತೆ. "ನನಗೆ ನೀರು ಬೇಕು" ಎಂದೆ. ಅದು ನನ್ನ ಮಾತು, ಮತ್ತು ನಿಜವಾದ ಮಾತು.

ಹೊರಗೆ ಹೋಗಿ ಎರಡು ಲೋಟ ನೀರು ಕುಡಿದು ಬಂದೆ. ಅವರ ಬೆರಳುಗಳು ಕನ್ನಡಕ ಸರಿಮಾಡಿಕೊಂಡು ಮತ್ತೆ ಮಡಿಲಿಗೆ ಇಳಿದಿದ್ದವು. ನಿರಂಜನ ನನ್ನನ್ನೇ ನೋಡಿದ. ನಾನು ಜನರನ್ನು ಗಮನಿಸುವವಳು, ಗಮನಿಸುವ ಇನ್ನೊಬ್ಬರನ್ನು ಕಂಡರೆ ನನಗೆ ಗೊತ್ತಾಗುತ್ತದೆ. ದಾಟಿ ಬರುವಾಗ ದಾಕ್ಷಾಯಣಮ್ಮ ನೀರಿನ ಕಡೆಗೇ ಮುಖ ಮಾಡಿ ಕೂತಿದ್ದರು. ದಡಕ್ಕೆ ಬಂದ ಮೇಲೆ ನನ್ನ ಕಡೆ ತಿರುಗದೆ ಹೆಬ್ಬೆರಳು ಮಡಚಿದರು. ನಾಳೆಯಿಂದ ಬೇಡ.

ಮಾರನೆಯ ದಿನ, ಕಂಪನಿಯವರು ತಮ್ಮ ಓಡಾಟಕ್ಕೆಂದು ಆಗಷ್ಟೇ ತಂದಿದ್ದ ದೋಣಿ ಬಂದು ಅವರ ಪೆಟ್ಟಿಗೆಗಳನ್ನು ಒಯ್ದಿತು. ಆ ದಡದ ಮನೆಗೆ ಹೋಗಿಬಿಟ್ಟರು. ಇಲ್ಲಿನ ಮನೆಗೆ ಬೀಗ. ನಾನು ವಾಚನಾಲಯದಲ್ಲಿ ಕೂತು ಪತ್ರಿಕೆ ಜೋಡಿಸುತ್ತಿದ್ದೆ, ಆದರೆ ಬಲಗೈಯ ಬೆರಳುಗಳು ಆಗಾಗ ಏನನ್ನೋ ಹಿಡಿದಂತೆ ಕೂಡಿಕೊಳ್ಳುತ್ತಿದ್ದವು. ಅವರಿಗೆ ನಾನು ಮಾಡಿದ್ದು ದ್ರೋಹವೋ ಉಪಕಾರವೋ ಎಂದು ದಿನಕ್ಕೊಂದು ತೀರ್ಮಾನಕ್ಕೆ ಬರುತ್ತಿದ್ದೆ.

ಬೇಸಿಗೆಯಲ್ಲಿ ತಿಪ್ಪೇಶಿ ದೋಣಿಕಟ್ಟೆಯ ವಿಷಯಕ್ಕೆ ಸಭೆ ಕರೆದ. ಪುರಸಭೆಯ ಸಭಾಂಗಣ ತುಂಬಿತ್ತು. ಬರಮಣ್ಣನೂ ಬಂದು ಗೋಡೆಗೆ ಒರಗಿ ಕೂತಿದ್ದ, ಮಾತಾಡಿದವರ ಕಡೆಗೆ ಒಂದು ಕ್ಷಣ ತಡವಾಗಿ ಮುಖ ತಿರುಗಿಸುತ್ತ. ಮಾಜಿ ಅಧ್ಯಕ್ಷರ ಮಾತಿಗೆ ನಮ್ಮೂರಿನಲ್ಲಿ ತೂಕ ಹೆಚ್ಚು, ಅದಕ್ಕೆ ದಾಕ್ಷಾಯಣಮ್ಮ ಏನು ಹೇಳುತ್ತಾರೆಂದು ಎಲ್ಲರೂ ಕಾಯುತ್ತಿದ್ದರು. ಬಂದದ್ದು ನಿರಂಜನ ಒಬ್ಬನೇ. ಕೈಯಲ್ಲಿ ಒಂದು ಚೀಲ. ಚೀಲದಿಂದ ಮಡಿಕೆ ಹಾಕಿದ ಒಂದು ಸೀರೆ ತೆಗೆದು ಕುರ್ಚಿಯ ಮೇಲಿಟ್ಟ. ಮಾವಿನಹಣ್ಣಿನ ಬಣ್ಣದ್ದು, ಅಧಿಕಾರ ಸ್ವೀಕರಿಸಿದ ದಿನ ಅವರು ಉಟ್ಟದ್ದು.

"ಅಮ್ಮನಿಗೆ ಮೈ ಸರಿಯಿಲ್ಲ. ಸೀರೆ ಕಳಿಸಿದ್ದಾರೆ. ಸೆರಗು ಇದೆಯಲ್ಲ, ಕುಮುದಾ ಮೇಡಂ ಹಿಡಿದು ಮಾತಾಡಬಹುದು" ಎಂದ.

ಸಭೆಯಲ್ಲಿ ಗುಜುಗುಜು ಎದ್ದಿತು. ಇಂಥದ್ದು ಹಿಂದೆ ಆಗಿರಲಿಲ್ಲ. "ಸೀರೆ ಬಂದ್ರೆ ಆಯ್ತಾ, ಆಳು ಬೇಡ್ವಾ" ಎಂದು ಒಬ್ಬ. "ಸೆರಗು ಹಿಡೀಬೇಕು ಅಂತ ಐತೆ, ಉಟ್ಟಿರ್ಬೇಕು ಅಂತ ಯಾರಾದ್ರೂ ಹೇಳಿದ್ದು ಕೇಳಿದೀರಾ" ಎಂದು ಇನ್ನೊಬ್ಬ. ಯಾರೂ ಕೇಳಿರಲಿಲ್ಲ. ಉಡದ ಸೀರೆಯೂ ಒಂದು ದಿನ ಸಭೆಗೆ ಬರಬಹುದೆಂದು ಹಿಂದಿನವರು ಯೋಚಿಸಿರಲಿಲ್ಲ. ಸಾವಂತ್ರಜ್ಜಿ, "ಸೀರೆಗೂ ಸಂಬಳ ಕೊಡ್ತೀರೇನಪ್ಪ" ಎಂದು ಕೇಳಿದಳು. ಜನ ನಕ್ಕರು. ನಗುವಿನ ಮಧ್ಯೆಯೇ ತಿಪ್ಪೇಶಿ ಹಣೆ ಒರೆಸಿಕೊಂಡು, ರೂಢಿಯಲ್ಲಿ ಬೇಡ ಅಂತ ಇಲ್ಲದ್ದರಿಂದ ನಡೆಯುತ್ತದೆ ಎಂದು ಹೇಳಿಬಿಟ್ಟ. ಊರೂ ಹೌದೆಂದಿತು. ಒಳ್ಳೆಯ ಜನ, ರೂಢಿಯನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವ ಭರದಲ್ಲಿ ಅದನ್ನೇ ಕೈಬಿಡುತ್ತಿದ್ದಾರೆಂದು ಅವರಿಗೆ ತೋಚಲಿಲ್ಲ.

ನಾನು ಎದ್ದು ಕುರ್ಚಿಯ ಬಳಿ ಹೋದೆ. ನಿರಂಜನ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ. "ಆ ದಿನ ನೀರು ಕುಡಿಯೋಕೆ ಎದ್ದು ಹೋದಿರಲ್ಲ, ಅಂಬಿಗನ ವಿಚಾರ. ಅಮ್ಮ ಏನು ತೋರಿಸೋಕೆ ಹೊರಟಿದ್ರೋ ಅದನ್ನೇ ಹೇಳಿ. ಬೇರೇನೂ ಬೇಡ."

ಅವನಿಗೆ ಏನೆಂದು ಗೊತ್ತಿರಲಿಲ್ಲ, ಏನೋ ಇದೆ ಎಂದಷ್ಟೇ ಗೊತ್ತಿತ್ತು. ಸೆರಗು ಹಿಡಿದು ನಾನು ಆ ಒಂದು ಮಾತು ಹೇಳಿದರೆ ಮಾಜಿ ಅಧ್ಯಕ್ಷರೇ ಹೇಳಿದಂತಾಗುತ್ತಿತ್ತು. ಬರಮಣ್ಣನ ಹುಟ್ಟು ಆ ಸಂಜೆಯೇ ಕಸಿಯುತ್ತಿದ್ದರು, ಕಟ್ಟೆ ಕಂಪನಿಗೆ ಹೋಗುತ್ತಿತ್ತು. ಗೋಡೆಯ ಕಡೆ ನೋಡಿದೆ. ನನ್ನ ಹೆಜ್ಜೆಯ ಸದ್ದಿಗೆ ಬರಮಣ್ಣ ಮುಖ ತಿರುಗಿಸಿಕೊಂಡಿದ್ದ, ಏನೂ ಗೊತ್ತಿಲ್ಲದ ಸಮಾಧಾನದ ಮುಖ.

ಸೆರಗಿನ ತುದಿ ಕೈಗೆತ್ತಿಕೊಂಡೆ. ನುಸಿಗುಳಿಗೆಯ ವಾಸನೆ. ಬಟ್ಟೆ ಬಹಳ ಹಗುರವಾಗಿತ್ತು. ಎಳೆಯುವವರಿಲ್ಲ, ಬಿಗಿಯುವವರಿಲ್ಲ, ಕುಲುಕುವವರಿಲ್ಲ. ರೂಢಿಯಂತೆ ಮುಖ ನೋಡಬೇಕೆಂದು ತಲೆಯೆತ್ತಿದರೆ ಕುರ್ಚಿಯ ಬೆನ್ನು. ಜನ ಕಾದರು. ತೋರಿಸಿದ್ದನ್ನಷ್ಟೇ ಹೇಳಬೇಕು, ಸೇರಿಸಬಾರದು. ನನಗೆ ಕಂಡದ್ದು ಒಂದೇ.

"ನಾನು ಇಲ್ಲಿ ಇಲ್ಲ" ಎಂದೆ.

ಸೀರೆಯನ್ನು ಮೊದಲಿನ ಮಡಿಕೆಗೇ ಮಡಚಿ ಇಟ್ಟೆ. ನಿರಂಜನ ನಗುತ್ತಲೇ, "ಅದಲ್ಲ ಮೇಡಂ" ಎಂದ. ಸಾವಂತ್ರಜ್ಜಿ ಕೋಲು ಊರಿ ಎದ್ದಳು. "ಸರಿಯಾಗೇ ಹೇಳೌಳೆ. ಇಲ್ದೇ ಇರೋಳ ಮಾತ್ ಕೇಳಿ ಹೊಳೆ ದಂಡೆ ಕೊಡಾಕಾಗಲ್ಲ. ಧ್ವನಿ ಬರ್ಲಿ, ಬಂದು ಅವ್ಳೇ ಹೇಳ್ಲಿ." ತಿಪ್ಪೇಶಿಗೆ ಅದು ದೊಡ್ಡ ಬಿಡುಗಡೆ. ದಾಕ್ಷಾಯಣಮ್ಮನಿಗೆ ಧ್ವನಿ ಬರುವ ದಿನಕ್ಕೇ ಸಭೆಯನ್ನು ಮುಂದಕ್ಕೆ ಹಾಕಿದ.

ನನಗೆ ಬಿಡುಗಡೆಯಾಗಲಿಲ್ಲ. ಧ್ವನಿ ಬಂದ ಮೇಲೆ ಅವರಿಗೆ ನನ್ನ ಹಂಗಿಲ್ಲ. ನಾನು ನುಂಗಿದ ಮಾತನ್ನು ಅವರೇ ಹೇಳಬಹುದು. ಅಲ್ಲಿಯವರೆಗಿನ ದಿನಗಳಲ್ಲಿ ಬರಮಣ್ಣನ ದೋಣಿ ಹತ್ತಿದಾಗಲೆಲ್ಲ, ಅವನಿಗೆ ಹೇಳಿಬಿಡಲೇ ಎಂದುಕೊಳ್ಳುತ್ತಿದ್ದೆ. ಹೇಳಿ ಅವನ ನೆಮ್ಮದಿ ಕೆಡಿಸಿ ಪ್ರಯೋಜನವೇನು ಎಂದು ಗಿರಿಜವ್ವನ ಹತ್ತಿರ ಕಡಲೆ ಕೊಂಡು ತಿನ್ನುತ್ತಿದ್ದೆ.

ಮೊದಲ ಮಾತು ಬರುವಾಗ ಬಾಯಿ ಜೊತೆಯಲ್ಲಿರಬೇಕು, ಸೆರಗು ಹಿಡಿದಿರಬೇಕು, ಬಂದ ಮಾತನ್ನು ಊರಿಗೆ ತಿಳಿಸಬೇಕು. ಅದೂ ರೂಢಿ. ವರ್ಷ ತುಂಬಿದ ದಿನ ನಾನು ಆ ದಡಕ್ಕೆ ಹೋಗಿ ನಿಂತೆ. ಕಾರಿನಿಂದ ದಾಕ್ಷಾಯಣಮ್ಮ ಇಳಿದರು, ಹಿಂದೆ ನಿರಂಜನ. ಅವರು ಸ್ವಲ್ಪ ಬೆಳ್ಳಗಾಗಿದ್ದರು, ಹೆಚ್ಚು ಹೊತ್ತು ಒಳಗೆ ಕೂತವರ ಹಾಗೆ. ನನ್ನನ್ನು ನೋಡಿ ನಿಂತರು. ಆಮೇಲೆ ತಾವೇ ಸೆರಗಿನ ತುದಿ ಎತ್ತಿ ನನ್ನ ಕೈಗಿತ್ತರು. ಕಂಪನಿಯ ದೋಣಿ ಇದ್ದರೂ ಅದರ ಕಡೆ ಹೋಗದೆ ಬರಮಣ್ಣನ ದೋಣಿಗೆ ಹತ್ತಿದರು.

ಗಿರಿಜವ್ವ ಇರಲಿಲ್ಲ, ಮಗಳ ಬಾಣಂತನಕ್ಕೆ ಹೋಗಿದ್ದಳು. ಹೆಂಡತಿ ಇಲ್ಲದ ದಿನ ಬರಮಣ್ಣ ದಿಬ್ಬದ ಮೇಲೆ ನೀರು ಹರಿಯುವ ಸದ್ದು ಕೇಳಿ ತಿರುಗಿಸುತ್ತಾನೆ. ಆದರೆ ಹೊರಟ ಕೂಡಲೇ ನಿರಂಜನನಿಗೆ ಫೋನು ಬಂತು. ನಮಗೆ ಬೆನ್ನು ಹಾಕಿ ಕೂತು, ಸರಿಯಾಗಿ ಕೇಳಿಸುತ್ತಿಲ್ಲ ಎಂದು ಜೋರಾಗಿ ಮಾತಾಡತೊಡಗಿದ. ಸಂಜೆಯ ಸಭೆ ತಮ್ಮ ಕಡೆಗೇ ಆಗುತ್ತದೆ ಎಂದು ಯಾರಿಗೋ ಭರವಸೆ ಕೊಡುತ್ತಿದ್ದ. ಬರಮಣ್ಣ ಕತ್ತು ಓರೆ ಮಾಡಿ ಕಿವಿಗೊಡುತ್ತಿದ್ದುದನ್ನು ಕಂಡೆ. ನೀರಿನ ಬಣ್ಣ ಮುಂದೆ ಬದಲಾಗುತ್ತಿತ್ತು, ಕಂದು ನೀರಿನೊಳಗೆ ಹಳದಿ. ದೋಣಿ ಅದರ ಕಡೆಗೇ ನೇರವಾಗಿ ಹೋಗುತ್ತಿತ್ತು. ಹೇಳಬೇಕು, ಆದರೆ ಸೆರಗು ಕೈಯಲ್ಲಿದೆ, ಬಿಟ್ಟು ಹೇಳಬೇಕು, ಬಿಟ್ಟರೆ ರೂಢಿ ಮುರಿಯುತ್ತದೆ ಎಂದು ನನ್ನ ತಲೆ ಲೆಕ್ಕ ಹಾಕುತ್ತಿರುವಾಗಲೇ ಬಟ್ಟೆ ಬೆರಳು ಕೊಯ್ಯುವಷ್ಟು ಬಿಗಿಯಿತು.

"ಮೇಲಕ್ಕೆ" ಎಂದರು ದಾಕ್ಷಾಯಣಮ್ಮ.

ಧ್ವನಿ ಒರಟಾಗಿತ್ತು, ಕೀಲು ತುಕ್ಕು ಹಿಡಿದ ಬಾಗಿಲಿನ ಹಾಗೆ. ಬರಮಣ್ಣ ಒಂದೇ ಸಲಕ್ಕೆ ಹುಟ್ಟು ಒತ್ತಿ ದೋಣಿಯನ್ನು ಮೇಲ್ಗಡೆಗೆ ತಿರುಗಿಸಿದ. ದಿಬ್ಬ ನಮ್ಮ ಪಕ್ಕದಲ್ಲಿ ಹಳದಿಯಾಗಿ ಹಾದುಹೋಯಿತು. ನಿರಂಜನ ಫೋನು ಮುಚ್ಚಿ ತಿರುಗಿ, "ಅಮ್ಮ, ಮಾತು ಬಂತಾ? ಏನಂದ್ರಿ?" ಎಂದ. ಅವರು ಕೆಮ್ಮಿದರು. ಕೆಮ್ಮು ದಡ ಮುಟ್ಟುವವರೆಗೂ ನಿಲ್ಲಲಿಲ್ಲ.

ಊರೆಲ್ಲ ದಡದಲ್ಲಿತ್ತು. "ಏನಂತವ್ವ ಬಾಯಿ, ಮೊದಲ್ನೇ ಮಾತು?" ಎಂದು ಸಾವಂತ್ರಜ್ಜಿ ಕೇಳಿದಳು. ಹಗ್ಗ ಕಟ್ಟುತ್ತಿದ್ದ ಬರಮಣ್ಣನ ಕೈ ನಿಂತಿತು. ನಿರಂಜನ ನನ್ನನ್ನೇ ನೋಡುತ್ತಿದ್ದ. ಮೊದಲ ಮಾತಿನಲ್ಲಿ ಸುಳ್ಳು ಹೇಳುವಂತಿಲ್ಲ. ಹೇಳಿದೆ, ಮೇಲಕ್ಕೆ ಅಂದರು.

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕಳು. "ನೋಡ್ರಿ, ಮಾತು ಬಂದ್ ಗಳಿಗೇಲೇ ಹುಕುಂ ಶುರು. ಹೊಳೆ ನಡುವೆ ಅಂಬಿಗನಿಗೇ ದೋಣಿ ನಡಿಸೋದು ಹೇಳ್ಕೊಡ್ತಾಳೆ." ಇಡೀ ದಡ ನಕ್ಕಿತು. ನಿರಂಜನನೂ ನಕ್ಕ. ಬರಮಣ್ಣ ಹಗ್ಗದ ಗಂಟು ಬಿಗಿದ. ನಾನು ಸೆರಗು ಬಿಟ್ಟೆ. ನನ್ನ ಕೆಲಸ ಮುಗಿದಿತ್ತು.

ಸಂಜೆ ಸಭೆಯಲ್ಲಿ ದಾಕ್ಷಾಯಣಮ್ಮ ತಮ್ಮ ಧ್ವನಿಯಲ್ಲೇ ಮಾತಾಡಿದರು, ಕಂಪನಿಯ ಪರವಾಗಿಯೇ. ಮೋಟಾರು ದೋಣಿ, ಹುಡುಗರಿಗೆ ಕೆಲಸ, ಸಿಮೆಂಟಿನ ಕಟ್ಟೆ. ಅವರು ಅದನ್ನೆಲ್ಲ ನಂಬಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ, ಹಿಡಿದು ನೋಡಲು ಸೆರಗು ನನ್ನ ಕೈಯಲ್ಲಿರಲಿಲ್ಲ. "ನಮ್ ದೋಣಿಗೇನಾಗಿದೆ?" ಎಂದು ಒಬ್ಬರು ಕೇಳಿದರು. ನಿರಂಜನ ಅವರ ಕಡೆ ಬಾಗಿ ಏನೋ ಹೇಳಿದ. ಅವರು ಗೋಡೆಯ ಕಡೆ ನೋಡಿದರು, ಬರಮಣ್ಣ ಕೂತಿದ್ದ ಕಡೆ. ಆಮೇಲೆ ನನ್ನ ಕಡೆ.

"ಸ್ವಲ್ಪ ನೀರು ಕೊಡಿ" ಎಂದರು.

ನಾನೇ ತಂದುಕೊಟ್ಟೆ. ನಿಧಾನವಾಗಿ ಪೂರ್ತಿ ಕುಡಿದು ಲೋಟ ಇಟ್ಟು, "ನಾನು ಹೇಳೋದು ಇಷ್ಟೇ" ಎಂದು ಕೂತರು. "ಚೆನ್ನಾಗೇನೋ ಮಾತಾಡಿದ್ಲು, ಇರೋ ದೋಣಿ ಯಾಕೆ ಬಿಡ್ಬೇಕು ಅಂತ ಮಾತ್ರ ಹೇಳ್ಲಿಲ್ಲ" ಎಂದು ಜನ ಮಾತಾಡಿಕೊಂಡು ಎದ್ದರು. ಕಟ್ಟೆ ಊರಿನಲ್ಲೇ ಉಳಿಯಿತು. ದಾಕ್ಷಾಯಣಮ್ಮ ಆ ರಾತ್ರಿ ಇಲ್ಲಿ ನಿಲ್ಲದೆ ಕಂಪನಿಯ ದೋಣಿಯಲ್ಲಿ ವಾಪಸು ಹೋದರು. ಕೆಲಸ ಬಿಡಲಿಲ್ಲ. ಕೂತಿರುವ ಕೆಲಸವೇ ತಾನೇ, ಅದು ನಡೆಯುತ್ತಿದೆ.

ಅಲ್ಲಿಂದ ಮುಂದಿನದು ಯಾರೂ ಯೋಚಿಸಿ ಮಾಡಿದ್ದಲ್ಲ. ಉಪ್ಪಿನ ಹಾಗೆ, ಸಾಹೇಬರ ಟೀ ಹಾಗೆ, ಆ ಮಾತೂ ಊರಿಗೆ ಅಂಟಿಕೊಂಡಿತು. ಹೊಳೆಯ ನಡುವೆ ನೀರು ಹಳದಿಯಾಗುವ ಕಡೆ ಬಂದಾಗ ದೋಣಿಯಲ್ಲಿರುವವರು ಯಾರಾದರೊಬ್ಬರು ದಾಕ್ಷಾಯಣಮ್ಮನ ಒರಟು ಧ್ವನಿ ಅಣಕಿಸಿ "ಮೇಲಕ್ಕೆ" ಎನ್ನುತ್ತಾರೆ, ಮಿಕ್ಕವರು ನಗುತ್ತ ತಾವೂ ಅನ್ನುತ್ತಾರೆ. ಮಕ್ಕಳು ಅದಕ್ಕಾಗಿಯೇ ಕಾಯುತ್ತವೆ. ಬರಮಣ್ಣ ಹುಟ್ಟು ಒತ್ತುತ್ತಾನೆ. ಗಿರಿಜವ್ವ ಈಗ ಮನೆಯಲ್ಲೇ ಮೊಮ್ಮಗಳನ್ನು ಆಡಿಸಿಕೊಂಡಿರುತ್ತಾಳೆ. ನಿರಂಜನ ಒಮ್ಮೆ ಯಾರೋ ಅಧಿಕಾರಿಯನ್ನು ಕರೆದುಕೊಂಡು ಬಂದು, ಅಂಬಿಗನ ಎದುರಿಗೇ ಕೂತು ಈ ದಡದಿಂದ ಆ ದಡಕ್ಕೆ ಹೋದ. ದೋಣಿ ತುಂಬ ಜನ ಒಟ್ಟಿಗೇ "ಮೇಲಕ್ಕೆ" ಎಂದಾಗ ಬೆಚ್ಚಿ, "ಇದೇನು ಮೇಡಂ?" ಎಂದು ನನ್ನನ್ನು ಕೇಳಿದ. ನಮ್ಮೂರ ರೂಢಿ ಎಂದೆ. ಸುಳ್ಳಲ್ಲ.

ದಾಕ್ಷಾಯಣಮ್ಮ ಬೀಗ ಹಾಕಿದ ಮನೆ ನೋಡಲು ಆಗೊಮ್ಮೆ ಈಗೊಮ್ಮೆ ಬರುತ್ತಾರೆ, ಬರಮಣ್ಣನ ದೋಣಿಯಲ್ಲೇ. ಒಳ್ಳೆಯ ಸೀರೆ ಉಟ್ಟಿರುತ್ತಾರೆ. ಜನ ಮಾತಾಡಿಸುತ್ತಾರೆ, ಅವರೂ ಮಾತಾಡುತ್ತಾರೆ, ನನ್ನ ಜೊತೆಗೂ. ಹಳದಿ ನೀರು ಹತ್ತಿರ ಬಂದಾಗ ಮಾತ್ರ ಸುಮ್ಮನಾಗುತ್ತಾರೆ. ಅವರೇ ಕೂತಿರುವಾಗ ಅಣಕಿಸಲು ಸಂಕೋಚಪಟ್ಟು ಆ ದಿನ ಮಿಕ್ಕವರೂ ಸುಮ್ಮನಿರುತ್ತಾರೆ. ಅವರು ನನ್ನ ಕಡೆ ನೋಡುತ್ತಾರೆ. ನಾನು ಕೈ ನೀಡಿ ಅವರ ಸೆರಗಿನ ತುದಿ ಹಿಡಿದು ಹೇಳುತ್ತೇನೆ, ಮೇಲಕ್ಕೆ.